ಬಿದ್ದವರು ಮೊದಲು ನಗುತ್ತಾರೆ

ಕಾರ್ಖಾನೆಯ ಡಿಸ್ಪೆನ್ಸರಿಯಲ್ಲಿ ಕುಳಿತ ನರ್ಸ್‌ಗೆ ಅಪಘಾತದ ಸುದ್ದಿ ಚೀತ್ಕಾರವಾಗಿ ಬರುತ್ತದೆ ಎಂದು ಹೊರಗಿನವರು ತಿಳಿದಿದ್ದಾರೆ. ನನ್ನ ಅನುಭವ ಬೇರೆ. ನಾಸಿಕದಲ್ಲಿಯೂ, ಆಮೇಲೆ ಛತ್ರಪತಿ ಸಂಭಾಜಿನಗರದ ಬಳಿಯ ಬಿಡಕಿನ್‌ನಲ್ಲಿಯೂ ಅದು ನನ್ನ ಕಿವಿಗೆ ಹೆಚ್ಚಾಗಿ ನಗುವಾಗಿಯೇ ಬಂದಿದೆ. ಮೊದಲು ಏನೋ ಧಡಲ್ಲೆಂದು ಬೀಳುವ ಸದ್ದು. ಅದರ ಬೆನ್ನಿಗೇ ಇಡೀ ಶೆಡ್ಡಿನ ನಗು, ಯಾರದೋ ಸಿಳ್ಳೆ, ಚಪ್ಪಾಳೆ. ಆ ನಗು ಕೇಳಿದೊಡನೆ ನಾನು ಎದ್ದು ಕೈ ತೊಳೆದುಕೊಳ್ಳುತ್ತಿದ್ದೆ.

ಬಿಡಕಿನ್‌ನ ಹೊಸ ಕಾರ್ಖಾನೆಗಳಿಗೆ ಈಗ ನರ್ಸ್‌ಗಳಾಗಿ, ಸುರಕ್ಷತಾ ಸಹಾಯಕರಾಗಿ ಸೇರುತ್ತಿರುವ ನಮ್ಮ ಹುಡುಗಿಯರು, ಹುಡುಗರು ಕೆಲಸ ಹೇಗಿರುತ್ತದೆಂದು ನನ್ನನ್ನು ಕೇಳುತ್ತಾರೆ. ಗಾಯಕ್ಕೆ ಪಟ್ಟಿ ಕಟ್ಟುವುದನ್ನು, ಸುಟ್ಟ ಚರ್ಮವನ್ನು ತಣಿಸುವುದನ್ನು ಅವರಿಗೆ ಕಾಲೇಜಿನಲ್ಲಿ ಕಲಿಸಿದ್ದಾರೆ. ಬಿದ್ದವರನ್ನು ಕಂಡು ಸುತ್ತಲಿನವರು ಏಕೆ ನಗುತ್ತಾರೆ, ಯಾರು ನಗುವುದಿಲ್ಲ, ಬಿದ್ದವರೇ ಏಕೆ ನಗುತ್ತಾರೆ ಎಂಬುದನ್ನು ಯಾರೂ ಕಲಿಸಿಲ್ಲ. ನಾನು ಅದನ್ನು ಬರೆಯುತ್ತಿದ್ದೇನೆ. ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ, ನಿವೃತ್ತಿಯಾದ ಮಾತ್ರಕ್ಕೆ ಆ ಸಿಟ್ಟು ನಿವೃತ್ತವಾಗಿಲ್ಲ.

ನಾನು ಧಾರವಾಡದ ಕಡೆಯವಳು. ತಂದೆ ಶಾಲಾ ಮಾಸ್ತರರು. ಅಂಗಳ ಗುಡಿಸಲು ಬಂದವರನ್ನೂ ‘ನೀವು’ ಎಂದೇ ಕರೆಯಬೇಕು, ತಪ್ಪು ಕಂಡರೆ ಅದರ ಹೆಸರು ಹಿಡಿದೇ ಹೇಳಬೇಕು ಎಂಬುದು ನಮ್ಮ ಮನೆಯ ಕಟ್ಟಳೆ. ಪತಿಗೆ ಓಝರ್ ಬಳಿಯ ವಿಮಾನ ಕಾರ್ಖಾನೆಯಲ್ಲಿ ಕೆಲಸವಾದಾಗ ನಾಸಿಕಕ್ಕೆ ಬಂದೆವು. ಅಂಬಡ್ ಕೈಗಾರಿಕಾ ಪ್ರದೇಶದಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಒಂದು ಖಾಸಗಿ ಕಾರ್ಖಾನೆಯಲ್ಲಿ ನಾನು ನರ್ಸ್ ಆಗಿ ಸೇರಿದೆ.

ಸೇರಿದ ಹೊಸತರಲ್ಲಿಯೇ ಕ್ಯಾಂಟೀನಿನಲ್ಲಿ ಎರಡು ಬೀಳುವಿಕೆಗಳನ್ನು ಕಂಡೆ. ನೆಲದ ಮೇಲೆ ಚೆಲ್ಲಿದ್ದ ಬೇಳೆಸಾರಿನ ಮೇಲೆ ಉಗ್ರಾಣದ ಮ್ಯಾನೇಜರು ಜಾರಿ ಕುಳಿತರು. ಪ್ಯಾಂಟಿನ ಹಿಂಭಾಗ ಹಳದಿಯಾಯಿತು. ಯಾರೂ ನಗಲಿಲ್ಲ. ನಾಲ್ಕಾರು ಜನ ಓಡಿಬಂದು ಎತ್ತಿದರು, ಒಬ್ಬರು ಕುರ್ಚಿ ತಂದರು, ಮತ್ತೊಬ್ಬರು ನೀರು. ಸ್ವಲ್ಪ ದಿನಗಳಾದ ಮೇಲೆ ಸರಿಸುಮಾರು ಅದೇ ಜಾಗದಲ್ಲಿ, ಬಿಸಿ ಸಾರಿನ ಪಾತ್ರೆ ಹೊತ್ತಿದ್ದ, ಬಡಿಸುವ ಕೆಲಸದ ಸಖೂಬಾಯಿಯವರು ಬಿದ್ದರು. ಇಡೀ ಕ್ಯಾಂಟೀನು ಹೋ ಎಂದಿತು. ತಟ್ಟೆಗಳ ಮೇಲೆ ಚಮಚೆಗಳಿಂದ ತಾಳ ಹಾಕಿದರು. ಸಖೂಬಾಯಿಯವರೂ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತ ಎದ್ದರು, ನೆಲ ಒರೆಸಿದರು, ಉಳಿದವರಿಗೆ ಬಡಿಸಿದರು. ಪಾಳಿ ಮುಗಿದ ಮೇಲೆ ನನ್ನ ಬಾಗಿಲಿಗೆ ಬಂದು, “ಕಾಹೀ ನಾಹೀ ಝಾಲಂ, ಸಿಸ್ಟರ್” ಎಂದರು. ಏನೂ ಆಗಿಲ್ಲವಂತೆ. ಸೀರೆ ಸರಿಸಿದರೆ ಮೊಣಕಾಲಿನಿಂದ ಕೆಳಗೆ ಬೊಬ್ಬೆಗಳೆದ್ದಿದ್ದವು.

ಅಂದು ಕಂಡ ಮೊದಲ ಅನ್ಯಾಯದ ಹೆಸರು ಇದು: ನಗು ಏಣಿಯ ಮೇಲಿನಿಂದ ಕೆಳಕ್ಕೆ ಮಾತ್ರ ಇಳಿಯುತ್ತದೆ. ಬೀಳುವುದು ಹಾಸ್ಯ, ಅದಕ್ಕೆ ನಗುವುದು ಮನುಷ್ಯಸಹಜ ಎನ್ನುವವರು ಮ್ಯಾನೇಜರು ಬಿದ್ದಾಗ ಆ ಸಹಜತೆಯನ್ನು ಎಲ್ಲಿ ಬಚ್ಚಿಟ್ಟಿದ್ದರು?

ನಗುವೇ ಕೂಡದು ಎನ್ನುವ ಬಿಗಿಮುಖದವಳು ನಾನಲ್ಲ. ಒಮ್ಮೆ ನಮ್ಮ ಮನೆಯವರು ದೋಸೆ ಹಿಟ್ಟಿನ ಪಾತ್ರೆ ಸಮೇತ ಅಡುಗೆಮನೆಯಲ್ಲಿ ಜಾರಿಬಿದ್ದರು. ತಲೆಯ ಮೇಲೆಲ್ಲ ಹಿಟ್ಟು. “ಪೆಟ್ಟಾತೇನ್ರೀ?” ಎಂದು ಕೇಳಿದೆ. “ನನಗಿಲ್ಲ, ನಾಳಿ ನಾಷ್ಟಾಕ್ಕ ಆತು” ಎಂದರು. ಆಮೇಲೆ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಕೇಳಿದ ಮೇಲೆ ನಕ್ಕೆವು ಎಂಬುದಷ್ಟೇ ನನ್ನ ಮಾತು. ಬೀಳುವಿಕೆಗೆ ನಗುವವರು, ಏನೂ ಆಗಿಲ್ಲವೆಂದು ಮನಸ್ಸಿನಲ್ಲಿಯೇ ತೀರ್ಪು ಕೊಟ್ಟು ನಗುತ್ತಾರೆ. ರಕ್ತ ಕಂಡರೆ, ಕೈ ತಿರುಗಬಾರದ ಕಡೆಗೆ ತಿರುಗಿದ್ದರೆ, ಅದೇ ಬಾಯಿಗಳು “ಸ್ಸ್” ಎಂದು ಉಸಿರೆಳೆದುಕೊಳ್ಳುತ್ತವೆ. ಕಾಣಿಸುವ ಗಾಯಕ್ಕೆ ಕರುಣೆ, ಕಾಣಿಸದ ಗಾಯಕ್ಕೆ ಕೇಕೆ. ವೈದ್ಯರು ಮುಟ್ಟಿ ನೋಡಿ ಕೊಡಬೇಕಾದ ತೀರ್ಪನ್ನು ಗುಂಪು ಕಣ್ಣು ಮಿಟುಕಿಸುವುದರೊಳಗೆ ಕೊಟ್ಟುಬಿಡುತ್ತದೆ.

ಇನ್ನೊಂದು ಸಂಗತಿಯನ್ನು ಗಮನಿಸಿದೆ, ಇದನ್ನು ಎಳೆಯರು ನೆನಪಿಡಬೇಕು. ಗುಂಪಿನಲ್ಲಿ ಎಲ್ಲರೂ ನಗುತ್ತಿರುವಾಗ ಒಬ್ಬರೋ ಇಬ್ಬರೋ ತಮ್ಮದೇ ಮಣಿಕಟ್ಟನ್ನೋ ಸೊಂಟವನ್ನೋ ಹಿಡಿದುಕೊಂಡು ನಿಂತಿರುತ್ತಾರೆ. ಅವರು ಎಂದೋ ಹಾಗೆಯೇ ಬಿದ್ದು, ಅಲ್ಲಿಯೇ ಮುರಿದುಕೊಂಡವರು. ಅವರ ಮೈಗೆ ನೆನಪಿದೆ. ಸ್ಥಳಕ್ಕೆ ಹೋದಾಗ ಏನಾಯಿತೆಂದು ಅವರನ್ನು ಕೇಳಿ. ನಕ್ಕವರು ಬಿದ್ದವರ ಮುಖವನ್ನಷ್ಟೇ ನೋಡಿರುತ್ತಾರೆ.

ಆ ಕಾರ್ಖಾನೆಯಲ್ಲಿ ಒಂದು ಪದ್ಧತಿಯಿತ್ತು: “ಪಡಲಾ ತ್ಯಾನಂ ಚಹಾ ಪಾಜಾಯ್ಚಾ.” ಬಿದ್ದವನು ಇಡೀ ಪಾಳಿಗೆ ಚಹಾ ಕುಡಿಸಬೇಕು. ಬಿದ್ದವರು ಎದ್ದು ನಿಲ್ಲುವುದರೊಳಗೆ “ಚಹಾ! ಚಹಾ!” ಎಂಬ ಘೋಷ ಏಳುತ್ತಿತ್ತು. ಸುರಕ್ಷತಾ ವಿಭಾಗಕ್ಕೆ ಆಗ ಮುಖ್ಯಸ್ಥರಾಗಿದ್ದ ದೇಶಪಾಂಡೆಯವರಿಗೆ ಈ ಪದ್ಧತಿ ಬಲು ಪ್ರಿಯ. ನಾನು ಆಕ್ಷೇಪಿಸಿದಾಗ, “ಇದರಿಂದ ಹುಡುಗರಲ್ಲಿ ಒಗ್ಗಟ್ಟು ಬರ್ತದ, ಸಿಸ್ಟರ್. ಹುಷಾರೂ ಆಗ್ತಾರ” ಎಂದರು. ದೇಶಪಾಂಡೆಯವರು ಬೆಳಗಾವಿಯ ಹತ್ತಿರದವರು, ಕನ್ನಡ ಬಲ್ಲವರು.

“ಸರ, ಪೆಟ್ಟು ತಿಂದವ್ರಿಗೇ ದಂಡ ಹಾಕೋದು ಯಾವ ನ್ಯಾಯರೀ?” ಎಂದೆ.

“ನಿಮಗ ವಿನೋದನೇ ತಿಳಿಯಂಗಿಲ್ಲ ಬಿಡ್ರಿ.”

ವಿನೋದ ನನಗೆ ತಿಳಿಯುತ್ತಿತ್ತು. ಅದರ ಪರಿಣಾಮವೂ ತಿಳಿಯುತ್ತಿತ್ತು. ಜನ ಬೀಳುವುದನ್ನು ನಿಲ್ಲಿಸಲಿಲ್ಲ. ಬಿದ್ದುದನ್ನು ಹೇಳುವುದನ್ನು ನಿಲ್ಲಿಸಿದರು. ನೆಲದ ಮೇಲಿನ ಎಣ್ಣೆ ಅಲ್ಲಿಯೇ ಉಳಿಯಿತು. ಎಣ್ಣೆ ಸೋರಿದ ಯಂತ್ರದ ಹೊಣೆ ಹೊತ್ತವರು ಚಹಾ ಕುಡಿಸಬೇಕೆಂಬ ಪದ್ಧತಿಯನ್ನು ಯಾರೂ ತರಲಿಲ್ಲ.

ಕಾರ್ಖಾನೆಯ ಒಂದು ಭಾಗ ಬಿಡಕಿನ್‌ಗೆ ಸ್ಥಳಾಂತರವಾದಾಗ ನಾನೂ ಹೋದೆ. ಅಲ್ಲಿ ಕಾಲ ಬದಲಾಗಿತ್ತು. ನಾಸಿಕದಲ್ಲಿ ತಲೆಬುರುಡೆಯ ಚಿತ್ರವಿದ್ದ ಕೆಂಪು ಭಿತ್ತಿಪತ್ರಗಳಿದ್ದರೆ, ಇಲ್ಲಿ ಮೂಲೆಮೂಲೆಗೂ ಕ್ಯಾಮೆರಾ, ದೊಡ್ಡ ಪರದೆ, ಪ್ರತಿಯೊಬ್ಬರ ಕೈಯಲ್ಲಿ ಮೊಬೈಲು. ಸುರಕ್ಷತಾ ವಿಭಾಗಕ್ಕೆ ಸೌರಭ್ ಎಂಬ ಯುವಕರು ಮುಖ್ಯಸ್ಥರಾಗಿ ಬಂದಿದ್ದರು. ಉತ್ತರದ ಕಡೆಯವರು, ಚುರುಕು, ಕೆಟ್ಟವರೆಂದು ಹೇಳಲಾರೆ. ಹೆದರಿಸಿ ಕಲಿಸುವ ಕಾಲ ಹೋಯಿತು, ನಗಿಸಿ ಕಲಿಸಬೇಕು ಎಂಬುದು ಅವರ ನಂಬಿಕೆ. ವರ್ಷವಿಡೀ ಕ್ಯಾಮೆರಾದಲ್ಲಿ ಸಿಕ್ಕ ಬೀಳುವಿಕೆಗಳನ್ನೆಲ್ಲ ಆಯ್ದು, ಪೋಣಿಸಿ, ನಡುವೆ ಡೋಲು, ಪೀಪಿ, ಸಿಳ್ಳೆಯ ಸದ್ದು ಸೇರಿಸಿ, ಸುರಕ್ಷತಾ ಸಪ್ತಾಹದ ದಿನ ಪರದೆಯ ಮೇಲೆ ತೋರಿಸಿದರು. ಬಿದ್ದವರ ಒಪ್ಪಿಗೆ ಕೇಳಲಿಲ್ಲ. ಇದು ಒಂದು ಅನ್ಯಾಯ. ಮೇಲಿನ ಮಹಡಿಯ ಕಚೇರಿಯ ಒಂದು ಬೀಳುವಿಕೆಯೂ ಅದರಲ್ಲಿ ಇರಲಿಲ್ಲ. ಇದು ಮತ್ತೊಂದು.

ಆ ಪ್ರದರ್ಶನದ ನಾಯಕರು ಮಲ್ಲಪ್ಪನವರು. ಇಂಡಿ ತಾಲೂಕಿನಿಂದ ಗುತ್ತಿಗೆದಾರರ ಮೂಲಕ ಬಂದ ಕಾರ್ಮಿಕರು. ದಪ್ಪ ಮೀಸೆ, ಎತ್ತರದ ಆಳು. ಹೆಂಡತಿ ಮತ್ತು ಹೈಸ್ಕೂಲು ಓದುವ ಮಗಳು ಸ್ನೇಹಾಳೊಂದಿಗೆ ಸಂಭಾಜಿನಗರದಲ್ಲಿ ಬಾಡಿಗೆ ಮನೆ ಮಾಡಿದ್ದರು. ಕಾರ್ಖಾನೆಯಲ್ಲಿ ಬಿಡಿಭಾಗಗಳ ಎಣ್ಣೆ ತೊಳೆಯುವ ಕೋಣೆಯಲ್ಲಿ ಅವರ ಕೆಲಸ. ಪರದೆಯ ಮೇಲೆ ಅವರು ಬುಟ್ಟಿ ಹಿಡಿದು ಅಂಗಳ ದಾಟುತ್ತ ಮುಗ್ಗರಿಸುತ್ತಿದ್ದರು, ಓಲಾಡಿ ಓಡುತ್ತಿದ್ದರು, ಬೀಳುತ್ತಿದ್ದರು, ಎದ್ದು ನಾಟಕದ ರಾಜನಂತೆ ನಾಲ್ಕೂ ದಿಕ್ಕಿಗೆ ಕೈಮುಗಿಯುತ್ತಿದ್ದರು. ಮತ್ತೆ ಬೇರೊಂದು ದಿನ, ಬೇರೊಂದು ಜಾಗ, ಮತ್ತೆ ಅದೇ. ಜನ ಕುರ್ಚಿಯಿಂದ ಜಾರುವಂತೆ ನಗುತ್ತಿದ್ದರು. ಮೊದಲ ಸಾಲಿನಲ್ಲಿ ಕುಳಿತಿದ್ದ ಮಲ್ಲಪ್ಪನವರೂ ತೊಡೆ ತಟ್ಟಿ ನಗುತ್ತಿದ್ದರು.

ನಾನು ಮಾತ್ರ ಅರಿವಿಲ್ಲದೆಯೇ ಬಗ್ಗಿ ನನ್ನ ಪಾದವನ್ನು ಹಿಡಿದುಕೊಂಡಿದ್ದೆ. ನನಗೆ ಪರದೆಯ ಮೇಲೆ ಕಂಡದ್ದು ನೆಲ. ಆ ನೆಲದ ಮೇಲೆ ಏನೂ ಇರಲಿಲ್ಲ. ಎಣ್ಣೆಯಿಲ್ಲ, ನೀರಿಲ್ಲ, ತಂತಿಯಿಲ್ಲ. ಒಣಗಿದ, ಸಮತಟ್ಟಾದ ಸಿಮೆಂಟಿನ ಮೇಲೆ ಗಟ್ಟಿಮುಟ್ಟಾದ ಮನುಷ್ಯರೊಬ್ಬರು ಏಕೆ ಮತ್ತೆ ಮತ್ತೆ ಬೀಳುತ್ತಾರೆ? ಮುಂದಿನ ತುಣುಕಿನಲ್ಲಿ ಕಾಲನ್ನೇ ನೋಡಿದೆ. ಮೊಣಕಾಲನ್ನು ನೀರಿನಲ್ಲಿ ನಡೆಯುವವರಂತೆ ಎತ್ತರಕ್ಕೆ ಎತ್ತುತ್ತಿದ್ದರು. ಆದರೂ ಬಲ ಬೂಟಿನ ತುದಿ ನೆಲವನ್ನು ಉಜ್ಜುತ್ತಿತ್ತು. ಪಾದ ಜೋತುಬಿದ್ದಿತ್ತು.

ಕಾರ್ಯಕ್ರಮ ಮುಗಿಯುತ್ತಿದ್ದಂತೆ ಅವರನ್ನು ಡಿಸ್ಪೆನ್ಸರಿಗೆ ಕರೆದೆ.

“ಬೂಟ ಬಿಚ್ಚರಿ, ಮಲ್ಲಪ್ಪನವರ.”

“ಏನ್ರೀ ಅಕ್ಕಾರ, ನನ್ನ ಪಿಚ್ಚರ್ ನೋಡಿ ಕಾಲು ಮುಗಿಯಾಕ ಕರದೀರೇನು?”

“ಮೊದಲ ಬಿಚ್ಚರಿ.”

ಬಲ ಬೂಟು ಬಿಚ್ಚಿದಾಗ ಒಳಗಿನಿಂದ ಒಂದು ಕಬ್ಬಿಣದ ನಟ್ಟು ಟಣ್ಣೆಂದು ನೆಲಕ್ಕೆ ಬಿತ್ತು. ಅವರ ಅಂಗಾಲಿನಲ್ಲಿ ಅದರ ಅಚ್ಚು ಆಳವಾಗಿ ಮೂಡಿ, ಚರ್ಮ ನೀಲಿಗಟ್ಟಿತ್ತು. ಇಡೀ ದಿನ ಅದರ ಮೇಲೆಯೇ ನಡೆದಿದ್ದರು. ಇಬ್ಬರೂ ಆ ನಟ್ಟನ್ನು ನೋಡಿದೆವು. ಅವರ ಮುಖದ ನಗು ಇನ್ನೂ ಪೂರ್ತಿ ಇಳಿದಿರಲಿಲ್ಲ; ಕೆಳಗಿನ ಭಾಗ ನಗುತ್ತಿತ್ತು, ಕಣ್ಣುಗಳು ಹೆದರಿದ್ದವು.

“ಇದ ಯಾವಾಗ ಹೊಕ್ಕೊಂತೋ ಏನೋ. ಗೊತ್ತಾಗ್ಲೇ ಇಲ್ಲರಿ.”

“ಎಷ್ಟ ದಿನದಿಂದ ಹಿಂಗೈತಿ?”

“ದೀಪಾವಳಿ ಮೊದಲಿಂದ ಕಾಲು ಹತ್ತಿಯೊಳಗ ಇಟ್ಟಂಗ ಆಗತೈತ್ರಿ. ಚಪ್ಪಲಿ ಕಳಚಿ ಹೋದ್ರೂ ತಿಳಿಯಂಗಿಲ್ಲ.”

“ನನ್ನ ಹತ್ರ ಯಾಕ ಬರಲಿಲ್ಲ?”

ಅವರು ಮೀಸೆ ತೀಡಿದರು. “ಬಿದ್ದ ಕೂಡ್ಲೇ ಎಲ್ಲಾರೂ ನಗತಾರ. ನಾನೂ ನಗತೀನಿ. ನಕ್ಕ ಮ್ಯಾಲೆ ಬ್ಯಾನಿ ಅಂತ ಹ್ಯಾಂಗ ಹೇಳ್ಲಿ, ಅಕ್ಕಾರ? ನಗಲಿಲ್ಲಂದ್ರ ಕಾಲು ಹೋಗೈತಿ ಅಂತಾರ, ಗುತ್ತಿಗಿಯವ ಮನಿಗೆ ಕಳಸ್ತಾನ.”

ನನ್ನ ಇಡೀ ವೃತ್ತಿಜೀವನದಲ್ಲಿ ನಾನು ಹುಡುಕುತ್ತಿದ್ದ ಉತ್ತರ ಇದೇ ಆಗಿತ್ತು. ಬಿದ್ದವರು ಮೊದಲು ನಗುವುದು ಖುಷಿಗಲ್ಲ. ಸುತ್ತಲಿನವರು ಕೊಟ್ಟ ತೀರ್ಪಿಗೆ ತಾವೂ ರುಜು ಹಾಕುತ್ತಾರೆ, ಅಷ್ಟೆ. ಹಾಕದಿದ್ದರೆ ಅನ್ನಕ್ಕೆ ಕುತ್ತು.

ಅವರ ಕೆಲಸದ ಕೋಣೆಗೆ ಹೋದೆ. ಬಿಡಿಭಾಗಗಳಿಗೆ ಧೂಳು ತಾಗಬಾರದೆಂದು ಕಿಟಕಿಯೇ ಇಲ್ಲದಂತೆ ಕಟ್ಟಿದ ಕೋಣೆ. ತೊಟ್ಟಿಯಲ್ಲಿ ಪೆಟ್ರೋಲಿನಂತೆ ನಾರುವ ದ್ರಾವಕ. ಕಾರ್ಮಿಕರ ಬಾಯಲ್ಲಿ ಅದು ‘ಥಿನ್ನರ್’. ಬರಿಗೈಯಲ್ಲಿ ಅದ್ದಿ ತೊಳೆಯುತ್ತಿದ್ದರು. ಕಬ್ಬಿಣ ಶುಚಿಯಾಗಿರಲೆಂದು ಮನುಷ್ಯರ ಉಸಿರನ್ನು ಕೆಡಿಸುವ ಏರ್ಪಾಡು. ಅಲ್ಲಿ ಇನ್ನಿಬ್ಬರಿದ್ದರು. ಒಬ್ಬರ ಕೈಯಿಂದ ಚಹಾದ ಲೋಟ ಜಾರುತ್ತಿತ್ತಂತೆ. ಅದಕ್ಕೂ ಜನ ನಗುತ್ತಿದ್ದರಂತೆ.

ಮಲ್ಲಪ್ಪನವರನ್ನು ಸಂಭಾಜಿನಗರದ ನರರೋಗ ತಜ್ಞರೊಬ್ಬರ ಬಳಿಗೆ ನಾನೇ ಕರೆದೊಯ್ದೆ. ಪರೀಕ್ಷೆ ಮಾಡಿದ ವೈದ್ಯರು ಸ್ಪಷ್ಟವಾಗಿ ಹೇಳಿದರು: ಸಕ್ಕರೆ ಕಾಯಿಲೆ ಇಲ್ಲ, ದ್ರಾವಕದ ಆವಿ ಉಸಿರಿನಿಂದಲೂ ಚರ್ಮದಿಂದಲೂ ಒಳಹೋಗಿ ಎರಡೂ ಕಾಲುಗಳ ನರಗಳನ್ನು ಕೆಡಿಸಿದೆ, ಬಲಗಾಲಿನದನ್ನು ಹೆಚ್ಚು. ಈಗಲೇ ಆ ಕೋಣೆಯಿಂದ ಹೊರಬಂದರೆ ನಡಿಗೆ ಉಳಿಯಬಹುದು, ಅದೂ ಮೊದಲು ಕೆಲವು ತಿಂಗಳು ಇನ್ನಷ್ಟು ಕೆಟ್ಟು, ಆಮೇಲೆ ನಿಧಾನವಾಗಿ. ಬರದಿದ್ದರೆ ಹೋಗುತ್ತದೆ.

ಮಾರನೆಯ ದಿನ ಸೌರಭ್ ಅವರ ಬಳಿಗೆ ಹೋಗಿ ಇದನ್ನು ಹೇಳಿದೆ. ಅವರು ನಿಜವಾಗಿಯೂ ಆಶ್ಚರ್ಯಪಟ್ಟರು. “ವೋ ತೋ ಕಾಮೆಡಿಯನ್ ಹೈ, ಮ್ಯಾಡಮ್. ಜಾನ್‌ಬೂಝ್‌ಕರ್ ಗಿರ್ತಾ ಹೈ” ಎಂದರು. ಬೇಕೆಂದೇ ಬೀಳುತ್ತಾರಂತೆ! ಗುತ್ತಿಗೆದಾರರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮಲ್ಲಪ್ಪ ಕುಡಿಯುತ್ತಾನೆ, ಅದಕ್ಕೇ ಓಲಾಡುತ್ತಾನೆ ಎಂದರು. ಎಂದೂ ಹೆಂಡ ಮುಟ್ಟದ ಮನುಷ್ಯ. ಒಬ್ಬರ ನೋವನ್ನು ಮೊದಲು ಹಾಸ್ಯ ಮಾಡಿ, ಆಮೇಲೆ ಆ ಹಾಸ್ಯವನ್ನೇ ಅವರ ವಿರುದ್ಧ ಸಾಕ್ಷಿಯಾಗಿ ನಿಲ್ಲಿಸುವ ಈ ಕ್ರೌರ್ಯಕ್ಕೆ ಯಾವ ಕಾನೂನಿನಲ್ಲಿ ಹೆಸರಿದೆಯೋ ನಾನರಿಯೆ.

ನಾನು ಬಿಡಲಿಲ್ಲ. ಘಟಕದ ಮುಖ್ಯಸ್ಥರ ಬಾಗಿಲಲ್ಲಿ ದಿನವೂ ನಿಂತೆ. ಕೊನೆಗೆ ಸಭೆ ಕರೆದರು. ಸೌರಭ್ ಅವರ ಚಿತ್ರವನ್ನೇ ಹಾಕಿಸಿದೆ.

“ಸದ್ದು ಬೇಡ. ಮುಖ ನೋಡಬೇಡಿ. ಬಲಗಾಲಿನ ಬೂಟಿನ ತುದಿ, ಅದೊಂದನ್ನೇ ನೋಡಿ” ಎಂದೆ ಹಿಂದಿಯಲ್ಲಿ.

ಮೊದಲ ಬೀಳುವಿಕೆಗೆ ಒಬ್ಬಿಬ್ಬರು ಹಳೆಯ ರೂಢಿಯಿಂದ ಮುಗುಳ್ನಕ್ಕರು. ಎರಡನೆಯದಕ್ಕೆ ಯಾರೂ ನಗಲಿಲ್ಲ. ಮೂರನೆಯದರಲ್ಲಿ ಬೂಟಿನ ತುದಿ ಸಿಮೆಂಟನ್ನು ಉಜ್ಜುತ್ತ ಉಜ್ಜುತ್ತ ಬಂದು ಸಿಕ್ಕಿಹಾಕಿಕೊಂಡಾಗ ಸೌರಭ್ “ಸ್ಸ್” ಎಂದರು. ಘಟಕದ ಮುಖ್ಯಸ್ಥರ ಕೈ ಮೇಜಿನ ಕೆಳಗೆ ತಮ್ಮ ಮೊಣಕಾಲಿಗೆ ಹೋಗಿತ್ತು. ಅದೇ ಮನುಷ್ಯ, ಅದೇ ಬೀಳುವಿಕೆ. ನಡುವಿನಿಂದ ನಾವು ತೆಗೆದದ್ದು ಒಂದು ಸಿಳ್ಳೆಯ ಸದ್ದನ್ನು ಮಾತ್ರ. ಅಷ್ಟು ತೆಳುವಾದ ಮರೆಯ ಹಿಂದೆ ಒಬ್ಬರ ಕಾಲು ಕೆಟ್ಟುಹೋಗುತ್ತಿತ್ತು.

“ಈ ಸಿನಿಮಾದಿಂದ ಕಾರ್ಮಿಕರು ಏನು ಕಲಿತರು?” ಎಂದು ಕೇಳಿದೆ. “ಕ್ಯಾಂಟೀನಿನಲ್ಲಿ ವಿಚಾರಿಸಿ ಬಂದಿದ್ದೇನೆ. ಮಲ್ಲಪ್ಪನವರು ಹೇಗೆ ಬಿದ್ದರೆಂದು ಎಲ್ಲರೂ ನಟಿಸಿ ತೋರಿಸುತ್ತಾರೆ. ಅಲ್ಲಿ ನೆಲ ಹೇಗಿತ್ತು ಎಂದರೆ ಒಬ್ಬರಿಗೂ ಗೊತ್ತಿಲ್ಲ. ನನಗೆ ಹೇಳಿ, ಇದು ಯಾರ ಸುರಕ್ಷತೆಯ ಪಾಠ?”

ಸಭೆಯ ನಂತರ ಎಣ್ಣೆ ತೊಳೆಯುವ ಕೋಣೆಯನ್ನು ಸದ್ಯಕ್ಕೆ ಮುಚ್ಚಿದರು, ದ್ರಾವಕ ಬದಲಾಯಿತು, ಗಾಳಿ ಹೊರಹಾಕುವ ಫ್ಯಾನು, ಕೈಗವಸು ಬಂದವು. ಉಳಿದಿಬ್ಬರ ನರಗಳು ಪೂರ್ತಿ ಕೆಡುವ ಮೊದಲೇ ಉಳಿದವು. ಆದರೆ ಗುತ್ತಿಗೆದಾರರು ಮಲ್ಲಪ್ಪನವರನ್ನು ಗೇಟಿನಲ್ಲಿಯೇ ತಡೆದರು: ನಿಲ್ಲಲಾಗದವರು ಬೇಡ. ಅಂದು ಬೆಳಗಿನ ಪಾಳಿಯವರು, ಪರದೆಯ ಮುಂದೆ ಕುರ್ಚಿಯಿಂದ ಜಾರುವಂತೆ ನಕ್ಕಿದ್ದ ಅದೇ ಜನ, ಒಳಗೆ ಹೋಗದೆ ಗೇಟಿನ ಹೊರಗೆ ನಿಂತರು. ವೆಲ್ಡಿಂಗ್ ವಿಭಾಗದ ಒಬ್ಬ ಯುವಕ ನನ್ನ ಬಳಿಗೆ ಬಂದು ಮರಾಠಿಯಲ್ಲಿ, ನಮಗೆ ಗೊತ್ತಿರಲಿಲ್ಲ ಸಿಸ್ಟರ್ ಎಂದ. ನೀವು ಕೇಳಲಿಲ್ಲ ಎಂದೆ. ಕಟುವಾಗಿಯೇ ಹೇಳಿದೆ. ಅವನು ತಲೆ ತಗ್ಗಿಸಿದ, ಆದರೆ ಸರಿದು ಹೋಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮಲ್ಲಪ್ಪನವರನ್ನು ತಪಾಸಣೆಯ ಮೇಜಿಗೆ, ಕುಳಿತು ಮಾಡುವ ಕೆಲಸಕ್ಕೆ ತೆಗೆದುಕೊಂಡರು.

ಕಾಲು ಮಾತ್ರ ವೈದ್ಯರು ಎಚ್ಚರಿಸಿದ್ದಂತೆಯೇ ನಡೆದುಕೊಂಡಿತು. ಕೆಲವು ತಿಂಗಳು ಇನ್ನೂ ಕೆಟ್ಟು, ಆಮೇಲೆ ನಿಧಾನವಾಗಿ ಚೇತರಿಸಿತು. ಎಡಗಾಲು ಬಹುಪಾಲು ಸರಿಯಾಯಿತು. ಬಲಗಾಲಿಗೆ ಇಂದಿಗೂ ಪಾದವನ್ನು ಎತ್ತಿ ಹಿಡಿಯುವ ಪಟ್ಟಿ ಬೇಕು.

ಕಾರ್ಖಾನೆ ಆ ಚಿತ್ರವನ್ನು ಅಳಿಸಿತು. ಆದರೆ ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದು ಹೊರಗೆ ಬಿಟ್ಟಿದ್ದರು. ಈಗ ಅದಕ್ಕೆ ಬೇರೆ ಬೇರೆ ಸಂಗೀತ ಸೇರಿಸಿಕೊಂಡು ಅಪರಿಚಿತರು ನಗುತ್ತಾರೆ. ಸ್ನೇಹಾಳ ತರಗತಿಯ ಗೆಳತಿಯರು, ಅದು ಅವಳ ತಂದೆಯೆಂದು ತಿಳಿಯದೆ, ಅವಳಿಗೇ ತೋರಿಸಿದರಂತೆ. ಗುರುತು ಸಿಕ್ಕೀತೆಂಬ ಭಯಕ್ಕೆ ಅವಳೂ ಅವರೊಂದಿಗೆ ನಕ್ಕಳಂತೆ. ಆಮೇಲೆ ಎಷ್ಟೋ ದಿನ ಮನೆಯಲ್ಲಿ ತಂದೆಯ ಮುಖ ನೋಡಿ ಮಾತಾಡಲಿಲ್ಲವೆಂದು ಅವಳ ತಾಯಿ ನನಗೆ ಹೇಳಿದರು. ಈ ಒಂದು ಅನ್ಯಾಯಕ್ಕೆ ಯಾವ ಸಭೆಯನ್ನು ಕರೆಯಲಿ, ಯಾರ ಬಾಗಿಲಲ್ಲಿ ನಿಲ್ಲಲಿ ಎಂಬುದು ನನಗೆ ಇಂದಿಗೂ ಹೊಳೆದಿಲ್ಲ.

ನಿವೃತ್ತಿಯ ನಂತರ ಒಂದು ಸಂಜೆ ಅವರ ಮನೆಗೆ ಹೋಗಿದ್ದೆ. ಮಲ್ಲಪ್ಪನವರು ನನಗಾಗಿ ಒಳಗಿನಿಂದ ಕುರ್ಚಿ ತರುತ್ತ ಹೊಸ್ತಿಲಿಗೆ ಪಾದ ಸಿಕ್ಕಿಸಿಕೊಂಡು, ಕುರ್ಚಿಯ ಮೇಲೆಯೇ ಅಡ್ಡಾದಿಡ್ಡಿಯಾಗಿ ಬಿದ್ದರು. ಬಿದ್ದವರೇ ಮುಖವೆತ್ತಿ, “ನೋಡ್ರಿ ಅಕ್ಕಾರ, ಕುರ್ಚಿ ನಿಮಗ ತಂದೆ, ನಾನ ಕುಂತೆ” ಎಂದು ನಗಲು ತೊಡಗಿದರು. ನಾನು ಹತ್ತಿರ ಹೋಗುವುದರೊಳಗೆ ಸ್ನೇಹಾ ಪುಸ್ತಕ ಬಿಸಾಡಿ ಓಡಿಬಂದಳು. ಮರಾಠಿಯಲ್ಲಿಯೇ ಓದುತ್ತಿದ್ದ ಆ ಹುಡುಗಿಗೆ ಕನ್ನಡ ತಿಳಿಯುತ್ತಿತ್ತು. ಅವಳು ಕನ್ನಡ ಮಾತಾಡಿದ್ದನ್ನು ಮಾತ್ರ ನಾನು ಅಂದಿನವರೆಗೆ ಕೇಳಿರಲಿಲ್ಲ.

“ಅಪ್ಪಾ, ನಗಬ್ಯಾಡ” ಎಂದಳು. ಮುಂದಿನ ಮಾತಿಗಾಗಿ ಒಂದು ಕ್ಷಣ ತಡವರಿಸಿದಳು. “ಎಲ್ಲಿ ನೋಯತೈತಿ, ಅದನ್ನ ಹೇಳು.”

ಮಲ್ಲಪ್ಪನವರು ಬಾಯಿ ಮುಚ್ಚಿದರು. ಮಗಳನ್ನು ನೋಡಿದರು. ಆಮೇಲೆ ಅಂಗಿಯ ತೋಳನ್ನು ನಿಧಾನವಾಗಿ ಮೇಲಕ್ಕೆ ಮಡಚಿ, “ಇಲ್ಲಿ ನೋಡವ್ವಾ, ಈ ಮೊಣಕೈಗೆ. ಭಾಳ ನೋಯತೈತಿ” ಎಂದರು.

ಅವಳು ದೀಪ ಹಾಕಿ, ನೋಡಲು ಬಗ್ಗಿದಳು.